ಐವತ್ತೆಂಟಕ್ಕೆ ಓಟ ಶುರು ಮಾಡಬಹುದಾ? ಅನುಭವ ಇದ್ದವರು ಹೇಳಿ

ಕುಂಜಿಬೆಟ್ಟು58:
ನಮಸ್ಕಾರ. ಮೂರು ವರ್ಷದಿಂದ ಬೆಳಿಗ್ಗೆ ಕುಂಜಿಬೆಟ್ಟಿನಿಂದ ಮಣಿಪಾಲ ಎಂಡ್ ಪಾಯಿಂಟ್‌ವರೆಗೆ ನಡೆಯುತ್ತಿದ್ದೇನೆ. ಹೋದ ವಾರ ಮಳೆ ಬಂತೆಂದು ಓಡಿದೆ. ಮಳೆ ನಿಂತಿತು, ನನಗೆ ನಿಲ್ಲಿಸಲು ಮನಸ್ಸಾಗಲಿಲ್ಲ. ಈಗ ಒಂದು ಹಾಫ್ ಮ್ಯಾರಥಾನ್ ಓಡುವ ಆಸೆ. ಎಡ ಮೊಣಕಾಲು ಮೆಟ್ಟಿಲು ಇಳಿಯುವಾಗ ಕಟಕಟ ಅನ್ನುತ್ತದೆ. ಮೊಣಕಾಲು ಹೀಗಿದ್ದವರು ಯಾರಾದರೂ ಓಡುತ್ತಿದ್ದೀರಾ? ಹೆಂಡತಿ ಬೇಡ ಅನ್ನುತ್ತಿದ್ದಾಳೆ.

ಪಡುಕೆರೆ63:
ಖಂಡಿತ ಓಡಿ. ಆದರೆ ಮೊದಲು ನನ್ನ ಕಥೆ ಕೇಳಿ. ನಾನು ಶುರು ಮಾಡಿದ್ದು 57ಕ್ಕೆ. ಮಲ್ಪೆಯಿಂದ ಸೇತುವೆ ದಾಟಿ ಪಡುಕೆರೆ, ಅಲ್ಲಿಂದ ಮಟ್ಟು ಕಡೆಗೆ. ಬಲಕ್ಕೆ ಸಮುದ್ರ, ಎಡಕ್ಕೆ ಹೊಳೆ, ನಡುವೆ ಸಣ್ಣ ರಸ್ತೆ. ಐದಕ್ಕೆ ಹೊರಟರೆ ಏನೂ ಕಾಣುವುದಿಲ್ಲ, ಅಲೆಯ ಸದ್ದು ಮಾತ್ರ. ಮೊದಲ ಮೂರು ಕಿಲೋಮೀಟರ್ ಯಾಕಾದರೂ ಎದ್ದೆನೋ ಅನ್ನಿಸುತ್ತದೆ. ನಾಲ್ಕನೆಯದಕ್ಕೆ ಉಸಿರು ತನ್ನಿಂದ ತಾನೇ ಹದಕ್ಕೆ ಬರುತ್ತದೆ, ಕಾಲು ಯಾರದ್ದೋ ಅನ್ನಿಸುತ್ತದೆ. 30 ವರ್ಷ ಕುರ್ಚಿಯಲ್ಲಿ ಕುಳಿತವನಿಗೆ ಅದು ಎಂತದ್ದು ಎಂದು ಹೇಳಲಿಕ್ಕೆ ಬರುವುದಿಲ್ಲ, ಬಿಡಿ.

ಆಮೇಲೆ 2022ರ ನವೆಂಬರ್. ಬಂದರಿನ ತಿರುವಿನಲ್ಲಿ ಮೀನಿನ ಲಾರಿ ಐಸ್ ನೀರು ಸುರಿಸಿಕೊಂಡು ಹೋಗಿತ್ತು. ರಸ್ತೆ ಒದ್ದೆ ಉಂಟಲ್ಲ, ಮಳೆ ಬರಲಿಲ್ಲವಲ್ಲ ಎಂದು ಯೋಚಿಸುವಷ್ಟರಲ್ಲಿ ನಾನು ಕೆಳಗಿದ್ದೆ. ಬಲ ಮಣಿಕಟ್ಟು ಎರಡು ಕಡೆ ಮುರಿಯಿತು. ಒಂದು ಪ್ಲೇಟು, ಏಳು ಸ್ಕ್ರೂ. ಆಪರೇಷನ್ 78 ಸಾವಿರ. ಇನ್ಶೂರೆನ್ಸ್‌ನವರು ಕೊಟ್ಟದ್ದು 51, ಗ್ಲೌಸು ಹತ್ತಿ ಎಲ್ಲ ಲೆಕ್ಕಕ್ಕೆ ಬರುವುದಿಲ್ಲವಂತೆ. ಫಿಸಿಯೋ 24 ದಿನ, ದಿನಕ್ಕೆ 400. ವಾಚಿನ ಗಾಜು 2,300, ಅದೂ ಒರಿಜಿನಲ್ ಅಲ್ಲ. ಇವತ್ತಿಗೂ ಆ ಕೈಯಲ್ಲಿ ತೆಂಗಿನಕಾಯಿ ಒಡೆಯಲಿಕ್ಕೆ ಆಗುವುದಿಲ್ಲ. ಐದು ತಿಂಗಳು ಓಟ ಬಂದ್. ಮನೆಯವರಿಗೆಲ್ಲ ಸಮಾಧಾನ. ನಾನು ಮಾತ್ರ ನಾಲ್ಕೂವರೆಗೆ ಎದ್ದು ಜಗಲಿಯಲ್ಲಿ ಶೂ ಹಾಕಿಕೊಂಡು ಕೂರುತ್ತಿದ್ದೆ.

ಅದಕ್ಕೇ ಹೇಳುವುದು, ಮೊದಲು ಹೆಡ್‌ಲ್ಯಾಂಪ್. ಶೂ ಆಮೇಲೆ. ಜೂನ್ 1ರಿಂದ ಜುಲೈ 31ರವರೆಗೆ ಬೋಟು ಕಡಲಿಗೆ ಇಳಿಯುವುದಿಲ್ಲ, ಲಾರಿ ಕಡಿಮೆ. ಆದರೆ ಆಗ ಪಾಚಿ. ಒಟ್ಟಿನಲ್ಲಿ ನಮ್ಮೂರು ವರ್ಷವಿಡೀ ಜಾರುತ್ತದೆ.

ಬರಿಗಾಲು_ಕಾಪು:
ಶೂ ಆಮೇಲೆ ಅಲ್ಲ, ಬೇಡವೇ ಬೇಡ. ಎಂಟು ವರ್ಷ ಶೂವಿಗೆ ಸುರಿದ ಲೆಕ್ಕ ನನ್ನ ಡೈರಿಯಲ್ಲಿ ಉಂಟು. 11 ಜೊತೆ, 74,600 ರೂಪಾಯಿ. ಸಿಕ್ಕಿದ್ದೆಂತ? ಹಿಮ್ಮಡಿ ನೋವು. ಬೆಳಿಗ್ಗೆ ಮಂಚದಿಂದ ಇಳಿದು ಮೊದಲ ಹೆಜ್ಜೆ ಇಟ್ಟರೆ ಮೊಳೆ ತುಳಿದ ಹಾಗೆ. ಜೆಲ್ ಇನ್‌ಸೋಲ್ 3,800. ಹಿಮ್ಮಡಿಗೇ ಇಂಜೆಕ್ಷನ್ ಎರಡು ಸಲ, ಎರಡನೆಯದಕ್ಕೆ ನಾನು ಬೊಬ್ಬೆ ಹಾಕಿದ್ದು ಕ್ಲಿನಿಕ್ಕಿನ ಹೊರಗೆ ಕೂತ ಹೆಂಡತಿಗೆ ಕೇಳಿಸಿತಂತೆ. ಈಗ ಕಾಪು ದೀಪಸ್ತಂಭದ ಹತ್ತಿರ ಒದ್ದೆ ಮರಳಿನಲ್ಲಿ ಬರಿಗಾಲು, ವಾರಕ್ಕೆ 35 ಕಿ.ಮೀ., ವಯಸ್ಸು 64. ಕಂಬಳದವರು ಯಾವ ಕಂಪೆನಿಯ ಶೂ ಹಾಕುತ್ತಾರೆ ಹೇಳಿ ನೋಡುವಾ? 2020ರಲ್ಲಿ ಐಕಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ್ದು ಬರಿಗಾಲಲ್ಲಿ. ಅಬೆಬೆ ಬಿಕಿಲಾ 1960ರಲ್ಲಿ ರೋಮ್ ಒಲಿಂಪಿಕ್ಸ್ ಮ್ಯಾರಥಾನ್ ಗೆದ್ದದ್ದೂ ಬರಿಗಾಲಲ್ಲಿ.

ಪಡುಕೆರೆ63:
ಮಾರಾಯ್ರೆ, ಕಂಬಳ ಅಂದರೆ ಕೆಸರುಗದ್ದೆ, ಮುಂದೆ ಎರಡು ಕೋಣ ಎಳೆಯುತ್ತವೆ. ಇವರು ಕೇಳಿದ್ದು ಟಾರಿನ ಮೇಲೆ 21 ಕಿ.ಮೀ. ನಿಮ್ಮನ್ನು ಎಳೆಯಲಿಕ್ಕೆ ಯಾರಿದ್ದಾರೆ? ಬಿಕಿಲಾ 1964ರಲ್ಲಿ ಟೋಕಿಯೋದಲ್ಲಿ ಶೂ ಹಾಕಿಕೊಂಡೇ ಗೆದ್ದದ್ದು, ರೋಮ್‌ಗಿಂತ ಮೂರು ನಿಮಿಷ ಬೇಗ. ಅದನ್ನು ಯಾಕೆ ನುಂಗಿದಿರಿ?

ಬರಿಗಾಲು_ಕಾಪು:
ನುಂಗಿದ್ದಲ್ಲ. ನಿಮ್ಮ ಮಣಿಕಟ್ಟು ಮುರಿದಾಗ ಕಾಲಲ್ಲಿ ಶೂ ಇತ್ತಲ್ವಾ? ಬರಿಗಾಲಾಗಿದ್ದರೆ ಐಸ್ ನೀರು ಮೊದಲೇ ಗೊತ್ತಾಗುತ್ತಿತ್ತು.

ಬಿಜೈ_ಅಕ್ಕ:
ಗಂಡಸರ ಶೂ ಜಗಳ ಮುಗಿದರೆ ನಂದೊಂದು ಮಾತು. ನಾನು 56, ಮಂಗಳೂರು. ಶುರು ಮಾಡಿದ್ದು 51ಕ್ಕೆ, ಮುಟ್ಟು ನಿಂತ ವರ್ಷ. ರಾತ್ರಿ ಮೈಯೆಲ್ಲ ಬಿಸಿ, ನಾಲ್ಕಕ್ಕೇ ಎಚ್ಚರ. ಸುಮ್ನೆ ಫ್ಯಾನ್ ನೋಡಿಕೊಂಡು ಮಲಗುವುದು ಬೇಡವೆಂದು ಕದ್ರಿ ಪಾರ್ಕಿನ ರಸ್ತೆಗೆ ಹೋದೆ. ಮೊದಲ ಎರಡು ತಿಂಗಳು ಚೂಡಿದಾರದಲ್ಲೇ, ವೇಲ್ ಸೊಂಟಕ್ಕೆ ಕಟ್ಟಿ. ಹಾಲಿನವ ದಿನಾ ಕೇಳುತ್ತಿದ್ದ, "ಎಂತ ಅಕ್ಕ, ಬಸ್ ತಪ್ಪಿತಾ?" ನೆರೆಮನೆಯವರು ನಮ್ಮಲ್ಲಿ ಗಂಡ ಹೆಂಡತಿ ಜಗಳ ಎಂದೇ ತಿಳಿದಿದ್ದರು.

ಮೂರನೇ ವರ್ಷ ಕಾಪಿಕಾಡಿನಲ್ಲಿ ನಿಲ್ಲಿಸಿದ್ದ ಕಾರಿನಡಿಯಿಂದ ಒಂದು ಕಂದು ನಾಯಿ ಬಂದು ಮೀನಖಂಡಕ್ಕೆ ಬಾಯಿ ಹಾಕಿತು. ಲಸಿಕೆ ಐದು ಡೋಸ್. 0, 3, 7, 14, 28, ಈಗ ನನಗೆ ಮಗ್ಗಿಯ ಹಾಗೆ ಬಾಯಿಪಾಠ. ಗಾಯ ಆಳವಿದ್ದದ್ದರಿಂದ ಅದರ ಸುತ್ತ ರೇಬಿಸ್ ತಡೆಯುವ ಇಮ್ಯುನೊಗ್ಲೋಬುಲಿನ್ ಎಂಬ ಮದ್ದು ಬೇರೆ ಚುಚ್ಚಿದರು, ಆ ನೋವು ನಾಯಿಯದ್ದಕ್ಕಿಂತ ಜಾಸ್ತಿ. 14ನೇ ದಿನದ ಡೋಸ್ ಬಿದ್ದದ್ದು ನನ್ನ ಮೊದಲ 10 ಕಿಲೋಮೀಟರ್ ಓಟದ ಹಿಂದಿನ ದಿನ. ಓಡಿದೆ. 1 ಗಂಟೆ 19 ನಿಮಿಷ. ಪದಕವನ್ನು ದೇವರ ಕೋಣೆಯಲ್ಲಿ ಕ್ಯಾಲೆಂಡರ್ ಇದ್ದ ಮೊಳೆಗೆ ಹಾಕಿದ್ದೇನೆ. ಗಂಡ ಈಗಲೂ ತಿಥಿ ನೋಡಲು ಅಲ್ಲಿಗೇ ಹೋಗಿ ವಾಪಸ್ ಬರುತ್ತಾರೆ.

ಕುಂಜಿಬೆಟ್ಟು ಅವರೇ, ಹೆಂಡತಿ ಬೇಡ ಅಂದದ್ದು ಯಾಕೆಂದು ಕೇಳಿದ್ದೀರಾ?

ಕೊಟ್ಟಾರ_ಪ್ರಾಣಿಪ್ರಿಯ:
ನಾಯಿಯ ತಪ್ಪೆಂತ? ಕತ್ತಲಲ್ಲಿ ಅದರ ಜಾಗಕ್ಕೆ ಓಡಿಕೊಂಡು ಹೋದರೆ ಅದು ಎಂತ ಮಾಡಬೇಕು? ನಿಂತುಬಿಟ್ಟರೆ ಏನೂ ಮಾಡುವುದಿಲ್ಲ. ದಿನಾ 14 ನಾಯಿಗಳಿಗೆ ಅನ್ನ ಹಾಕುತ್ತೇನೆ, ಒಂದೂ ಕಚ್ಚಲಿಲ್ಲ.

ಬಿಜೈ_ಅಕ್ಕ:
ಅನ್ನ ಹಾಕುವ ಕೈಯನ್ನು ಯಾಕೆ ಕಚ್ಚುತ್ತವೆ! ಹದಿನಾಲ್ಕಕ್ಕೂ ಲಸಿಕೆ ಹಾಕಿಸಿದ್ದೀರಾ? ಅದನ್ನು ಹೇಳಿ.

ಕೊಟ್ಟಾರ_ಪ್ರಾಣಿಪ್ರಿಯ:
ಒಂಬತ್ತಕ್ಕೆ ಆಗಿದೆ. ಉಳಿದವು ಕೈಗೆ ಸಿಗುವುದಿಲ್ಲ.

ಬಿಜೈ_ಅಕ್ಕ:
ನನಗೆ ಆ ಐದರಲ್ಲೇ ಒಂದು ಸಿಕ್ಕಿದ್ದು.

ಬಿಸ್ಕೆಟ್_ಕಿಸೆ:
ಶುಗರ್ ಇದ್ದವರು ಯಾರೂ ಬರೆಯಲಿಲ್ಲವಲ್ಲ. ನನಗೆ 61. ರಾತ್ರಿ ಊಟಕ್ಕೆ ಮೊದಲು ಶುಗರ್ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ತಗೊಂಡು, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ತಣ್ಣೀರುಬಾವಿ ರಸ್ತೆಯಲ್ಲಿ 12 ಕಿ.ಮೀ. ಹೊರಟೆ. ಒಂಬತ್ತನೆಯದಕ್ಕೆ ಕೈ ನಡುಗಿತು, ಬೆವರು ತಣ್ಣಗಾಯಿತು, ಎದುರಿನ ಗಾಳಿಮರ ಎರಡೆರಡು ಕಂಡಿತು. ಕಿಸೆಯಲ್ಲಿ ಮೀಟರ್ ಇತ್ತು, ಬಿಸ್ಕೆಟ್ ಇರಲಿಲ್ಲ. ಶುಗರ್ 52 ತೋರಿಸಿತು, ತೀರಾ ಕಡಿಮೆ. ಬೊಂಡದ ಅಂಗಡಿ ತೆರೆದಿರಲಿಲ್ಲ. ಮೀನಿನ ಬುಟ್ಟಿ ಹಿಡಿದು ಹೋಗುತ್ತಿದ್ದ ಒಬ್ಬರು ಹೆಂಗಸು ತನ್ನ ಬುತ್ತಿಯ ಬನ್ಸ್ ಕೊಟ್ಟರು. ಎರಡೂ ತಿಂದೆ, ನಾಚಿಕೆಯಿಲ್ಲದೆ. ಆಮೇಲೆ ಡಾಕ್ಟರು ಮಾತ್ರೆ ಅರ್ಧ ಮಾಡಿದರು. ಮೂರು ತಿಂಗಳ ಸರಾಸರಿ 8.1 ಇದ್ದದ್ದು ಒಂದೂವರೆ ವರ್ಷದಲ್ಲಿ 6.4.

ಇಂದ್ರಾಳಿ_ವಾಸ್ತವ:
ಎಲ್ಲರದ್ದೂ ಆಸ್ಪತ್ರೆ ಕಥೆಯೇ, ಆದರೂ ಓಡಿ ಓಡಿ ಅನ್ನುತ್ತೀರಿ. ಅಮೆರಿಕದಲ್ಲಿ ಜನರಿಗೆ ಜಾಗಿಂಗ್ ಹುಚ್ಚು ಹಿಡಿಸಿದ ಜಿಮ್ ಫಿಕ್ಸ್ 1984ರಲ್ಲಿ ಓಟಕ್ಕೆ ಹೋದಲ್ಲೇ ತೀರಿಕೊಂಡ. ವಯಸ್ಸು 52. ನನ್ನ ಮಂಡಿ ಚಿಪ್ಪಿನ ಆಪರೇಷನ್‌ಗೆ 2.1 ಲಕ್ಷ ಹೋಗಿದೆ. ನಡೆಯಿರಿ, ಸಾಕು.

ಪಡುಕೆರೆ63:
ಫಿಕ್ಸ್‌ನ ಅಪ್ಪ 43ಕ್ಕೇ ಹೃದಯದ ತೊಂದರೆಯಿಂದ ಹೋದವರು. ಅವನೂ ಓಟ ಹಿಡಿಯುವ ಮೊದಲು ದಿನಕ್ಕೆ ಎರಡು ಪ್ಯಾಕ್ ಸೇದುತ್ತಿದ್ದ. ಅರ್ಧ ಕಥೆ ಹೇಳಬೇಡಿ. ಫೌಜಾ ಸಿಂಗ್ 2011ರಲ್ಲಿ ಟೊರಾಂಟೊದಲ್ಲಿ, ನೂರು ತುಂಬಿದ ಮೇಲೆ, 8 ಗಂಟೆ 11 ನಿಮಿಷದಲ್ಲಿ ಫುಲ್ ಮ್ಯಾರಥಾನ್ ಮುಗಿಸಿದರು. 2025ರಲ್ಲಿ ಅವರನ್ನು ಕೊಂದದ್ದು ಓಟ ಅಲ್ಲ, ರಸ್ತೆ ದಾಟುವಾಗ ಬಂದ ಕಾರು.

ಇಂದ್ರಾಳಿ_ವಾಸ್ತವ:
ಹಾಗಾದರೆ ಹೈವೇ 66ರಲ್ಲಿ ಎದುರಿಗೆ ಬರುವ ಬಸ್ಸಿನವರಿಗೆ ಟೈಮಿಂಗ್ ಬಿಟ್ಟು ನಿಮಗೆ ದಾರಿ ಕೊಡಲಿಕ್ಕೆ ಹೇಳಿ.

ಬಿಸ್ಕೆಟ್_ಕಿಸೆ:
ಉಡುಪಿಯವರಿಗೆ ಓಡಲಿಕ್ಕೆ ರಸ್ತೆಯೇ ಇಲ್ಲ, ಮಂಗಳೂರಿಗೆ ಬನ್ನಿ.

ಬರಿಗಾಲು_ಕಾಪು:
ನಿಮ್ಮ ಮಂಗಳೂರಿನಲ್ಲಿ ಕಾಂಕ್ರೀಟು. ಮೊಣಕಾಲಿಗೆ ಟಾರಿಗಿಂತ ಹಾಳು.

ಕುಂಜಿಬೆಟ್ಟು58:
ಮೊಣಕಾಲಿನ ಮಾತು ಈಗಾದರೂ ಬಂತಲ್ಲ. ಅಕ್ಕ ಹೇಳಿದ್ದಕ್ಕೆ ಹೆಂಡತಿಯನ್ನು ಕೇಳಿದೆ. "ನೀವು ಓಡಿದರೆ ಬೆಳಿಗ್ಗೆ ನಾನು ಯಾರ ಜೊತೆ ನಡೆಯುವುದು" ಅಂದಳು. ಇವತ್ತು ಐದೂವರೆಗೆ ಇಬ್ಬರೂ ಅಜ್ಜರಕಾಡು ಸ್ಟೇಡಿಯಂಗೆ ಹೋದೆವು. ನಾನು ಏಳು ರೌಂಡ್ ಓಡಿದೆ, ಕಟಕಟ ಹಾಗೇ ಉಂಟು, ನೋವಿಲ್ಲ. ಅವಳು ನಾಲ್ಕು ರೌಂಡ್ ನಡೆದು, ಕೊನೆಗೆ ನನ್ನ ಹಿಂದೆ ಅರ್ಧ ರೌಂಡ್ ಓಡಿಯೇ ಬಂದಳು. ಹವಾಯಿ ಚಪ್ಪಲಿಯಲ್ಲಿ.

ಬರಿಗಾಲು_ಕಾಪು:
ಆ ಚಪ್ಪಲಿಯನ್ನೂ ಬಿಡಲಿಕ್ಕೆ ಹೇಳಿ.

ಪಡುಕೆರೆ63:
ಇವರ ಮಾತು ಕೇಳಬೇಡಿ. ಹೆಡ್‌ಲ್ಯಾಂಪ್ ಎರಡು ತಗೊಳ್ಳಿ.