ಪದಚರ್ಚೆ: ಹಾಡಿನ ‘ಪ್ರಕಾರ’ ಅಂದರೆ ಏನು ಬರೆಯೋಣ?

ಎಲ್ಲರಿಗೂ ನಮಸ್ಕಾರ.

ಮೈಸೂರಿನಲ್ಲಿ ನಮ್ಮ ಬಡಾವಣೆಯ ಸಂಘದ ಹಳೇ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಏರಿಸಿ ಪಟ್ಟಿ ಮಾಡುತ್ತಿದ್ದೇವೆ. ಪಟ್ಟಿಯಲ್ಲಿ ‘ಪ್ರಕಾರ’ ಅಂತ ಒಂದು ಕಾಲಂ ಇದೆ. ಕೆಲಸ ನಿಂತಿರುವುದು ಅಲ್ಲೇ.

‘ಮೈಸೂರ ಮಲ್ಲಿಗೆ’ಯ ಹಾಡುಗಳನ್ನೇ ತೆಗೆದುಕೊಳ್ಳಿ. ಮಂಡ್ಯ ಜಿಲ್ಲೆ ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿಯವರ ಆ ಸಂಕಲನ ಬಂದದ್ದು 1942ರಲ್ಲಿ. ಸಾಹಿತ್ಯದವರ ಲೆಕ್ಕದಲ್ಲಿ ಅವು ಭಾವಗೀತೆ. ರಾಗ ಹಾಕಿ ಹಾಡಿದರೆ ಆಕಾಶವಾಣಿಯವರಿಗೆ ಸುಗಮ ಸಂಗೀತ. ತೊಂಬತ್ತರ ದಶಕದ ಆರಂಭದಲ್ಲಿ ನಿರ್ದೇಶಕ ನಾಗಾಭರಣರ ಸಿನಿಮಾಕ್ಕೆ ಹೋದವು ಚಿತ್ರಗೀತೆ. ಸಿನಿಮಾಕ್ಕೆ ಅಂತ ಬರೆಯದ ಸಾಲುಗಳು, ಕೊನೆಗೆ ಚಿತ್ರಗೀತೆಯ ರಾಷ್ಟ್ರಪ್ರಶಸ್ತಿ ತಂದುಕೊಟ್ಟವು! ನಮ್ಮ ಪಟ್ಟಿಯಲ್ಲಿ ಯಾವುದನ್ನು ಬರೆದರೂ ಇನ್ನೊಬ್ಬರು ಬಂದು ತಿದ್ದುತ್ತಾರೆ.

ಇನ್ನೊಂದು ಕ್ಯಾಸೆಟ್ ಮಳವಳ್ಳಿ ಕಡೆಯದು, ಕಂಚಿನ ತಾಳ ಬಡಿಯುತ್ತ ಹಾಡುವ ಕಂಸಾಳೆಯವರ ಮಾದಪ್ಪನ (ಮಲೆ ಮಹದೇಶ್ವರನ) ಕಥೆ. ರಟ್ಟಿನ ಮೇಲೆ ‘ಜಾನಪದ ಗೀತೆಗಳು’ ಅಂತ ಅಚ್ಚಾಗಿದೆ. ಅದರ ಕೆಳಗೆ ಯಾರೋ ನೀಲಿ ಪೆನ್ನಿನಲ್ಲಿ ‘ಸಂಕಮ್ಮನ ಸಾಲು, ಬಿ ಸೈಡು ಅರ್ಧದಿಂದ’ ಅಂತ ಗೀಚಿದ್ದಾರೆ. ಕೇಳುಗರಿಗೆ ಬೇಕಾದದ್ದು ಆ ಪೆನ್ನಿನ ಬರಹವೇ ಹೊರತು ಅಚ್ಚಿನದ್ದಲ್ಲ. ದೇವರಗುಡ್ಡರು, ಅಂದರೆ ಈ ಕಂಸಾಳೆಯವರು, ಕಥೆಯ ಒಂದೊಂದು ಭಾಗವನ್ನೂ ಸಾಲು ಅನ್ನುತ್ತಾರೆ: ಸಂಕಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಸರಗೂರಯ್ಯನ ಸಾಲು. ಎದುರು ಕೂತವರು ‘ಜಾನಪದ ಹಾಡ್ರಪ್ಪ’ ಅಂತ ಕೇಳುವುದಿಲ್ಲ. ಜೇನಿಗೆ ಹೊರಟ ಗಂಡ ಹೆಂಡತಿಯ ಹತ್ತಿರ ಭಾಷೆ ಕೇಳುವ ಆ ಭಾಗವೇ ಬೇಕು ಅಂದರೆ ‘ಸಂಕಮ್ಮನ ಸಾಲು ಹೇಳಿ’ ಅನ್ನುತ್ತಾರೆ, ಅಷ್ಟೆ. ಸೋಬಾನೆ, ಬೀಸೋ ಪದ, ಲಾಲಿ ಇವೂ ಹಾಗೇ. ಯಾವಾಗ ಹಾಡೋದು, ಯಾರು ಹಾಡೋದು ಅನ್ನೋದು ಹೆಸರಲ್ಲೇ ಇದೆ. ಭಜನೆಯವರ ನೋಟ್‌ಬುಕ್ಕಿನಲ್ಲಿ ಹಾಡಿನ ತಲೆಯ ಮೇಲೆ ‘ಧಾಟಿ:’ ಅಂತ ಬರೆದು ಪಕ್ಕದಲ್ಲಿ ಯಾವುದಾದರೂ ಸಿನಿಮಾ ಹಾಡಿನ ಮೊದಲ ಸಾಲು ಹಾಕಿರುತ್ತಾರೆ. ಸ್ವರ ಗೊತ್ತಿಲ್ಲದವರೂ ಅದನ್ನು ನೋಡಿ ತಕ್ಷಣ ಎತ್ತಿಕೊಳ್ಳುತ್ತಾರೆ.

ಹಾಗಂತ ದೊಡ್ಡ ಹಣೆಪಟ್ಟಿಗಳೆಲ್ಲ ದಂಡ ಅಂತಲ್ಲ. ‘ಸುಗಮ ಸಂಗೀತ’ ಅಂದ ಕೂಡಲೇ ಸ್ವರಪ್ರಸ್ತಾರ (ಸರಿಗಮ ಹಾಡಿ ಬೆಳೆಸುವುದು) ಇರಲ್ಲ, ಕವಿಯ ಮಾತು ಬಿಡಿಬಿಡಿಯಾಗಿ ಕೇಳುತ್ತೆ ಅಂತ ಗೊತ್ತಾಗುತ್ತದೆ. ಅಷ್ಟರ ಮಟ್ಟಿಗೆ ಉಪಯೋಗ. ‘ದೇವರನಾಮ’ದ ವಿಷಯದಲ್ಲಿ ನನಗೆ ಅಷ್ಟು ನೆಚ್ಚಿಕೆ ಇಲ್ಲ. ಪುರಂದರದಾಸರ ಅದೇ ಪದ ಸಂಗೀತ ಕಚೇರಿಯಲ್ಲಿ ರಾಗ-ತಾನ-ಪಲ್ಲವಿ ಮುಗಿದ ಮೇಲೆ ಬಂದಾಗ ಒಂದು ಥರ, ಶನಿವಾರದ ಭಜನೆಯಲ್ಲಿ ಇನ್ನೊಂದು ಥರ. ‘ಜಾನಪದ’ವಂತೂ ಸ್ಪರ್ಧೆ ನಡೆಸುವವರಿಗೆ, ಕಾರ್ಯಕ್ರಮ ಹೊಂದಿಸುವವರಿಗೆ ಅನುಕೂಲ. ಕೇಳುವವನಿಗೆ ಅದರಿಂದ ತಿಳಿಯುವುದು ಕಡಿಮೆ.

ಆದ್ದರಿಂದ ‘ಪ್ರಕಾರ’ದ ಕಾಲಂ ತೆಗೆದು ‘ಧಾಟಿ’, ‘ಸಂದರ್ಭ’ ಅಂತ ಎರಡು ಮಾಡೋಣ ಅಂತ ನನ್ನ ವಾದ. ಸಂಘದ ಹಿರಿಯರೊಬ್ಬರು ಒಪ್ಪುತ್ತಿಲ್ಲ. ‘ಧಾಟಿ ಅಂದರೆ ಟ್ಯೂನು ಕಣಯ್ಯಾ, ಬಗೆ ಅಲ್ಲ’ ಅನ್ನುತ್ತಾರೆ. ಆದರೆ ‘ಹಳೇ ನಾಟಕದ ಧಾಟಿಯಲ್ಲಿ ಹಾಡಿದ’ ಅನ್ನುವಾಗ ಟ್ಯೂನಿಗಿಂತ ಹೆಚ್ಚಿನದನ್ನೇ ಹೇಳುತ್ತೇವಲ್ಲ?

ನಿಮ್ಮ ಕಡೆ ಧಾಟಿ, ಟ್ಯೂನಿಗೇ ಹೇಳುವ ಇನ್ನೊಂದು ಮಾತು ಮಟ್ಟು, ಎರಡೂ ಬಳಕೆಯಲ್ಲಿವೆಯೇ? ಇದ್ದರೆ ಯಾವುದನ್ನು ಯಾವಾಗ ಅನ್ನುತ್ತೀರಿ? ಕಥೆಯ ಭಾಗಕ್ಕೆ ‘ಸಾಲು’ ಅನ್ನುವುದನ್ನು ಕಂಸಾಳೆ, ನೀಲಗಾರರ (ಮಂಟೇಸ್ವಾಮಿ ಕಥೆ ಹಾಡುವವರು) ಪರಂಪರೆಯ ಹೊರಗೆ, ಗೀಗೀ ಪದದವರಲ್ಲೋ ಚೌಡಿಕೆಯವರಲ್ಲೋ (ಎಲ್ಲಮ್ಮನ ಕಥೆ ಹಾಡುವವರು), ಕೇಳಿದವರಿದ್ದರೆ ಊರಿನ ಹೆಸರಿನ ಸಮೇತ ಬರೆಯಿರಿ.