ಬೊಂಬೆ ಇಲ್ಲದ ಶಾಲೆಯಲ್ಲಿ ಮಕ್ಕಳಿಗೆ ಸಿಪಿಆರ್ ಕಲಿಸುವುದು ಹೇಗೆ? (ಸಕಲೇಶಪುರ)

ವಿಜ್ಞಾನ ಟೀಚರ್, ಸಕಲೇಶಪುರ:

ನಮ್ಮದು ಸರ್ಕಾರಿ ಪ್ರೌಢಶಾಲೆ. 8ರಿಂದ 10ನೇ ತರಗತಿವರೆಗೆ ಒಂದೊಂದರಲ್ಲೂ ಸುಮಾರು 40 ಮಕ್ಕಳು. 2025ರಲ್ಲಿ ಹಾಸನ ಜಿಲ್ಲೆಯ ಹೃದಯಾಘಾತಗಳ ಸುದ್ದಿ ಟಿವಿಯಲ್ಲಿ ಸತತವಾಗಿ ಬಂದ ಮೇಲೆ, ಮಕ್ಕಳಿಗೆ ಸಿಪಿಆರ್ (ಹೃದಯ ನಿಂತವರ ಎದೆ ಒತ್ತಿ ರಕ್ತ ಹರಿಯುವಂತೆ ಮಾಡುವುದು) ಹೇಳಿಕೊಡಿ ಅಂತ ಪೋಷಕರೇ ಕೇಳುತ್ತಿದ್ದಾರೆ. ತರಬೇತಿ ಬೊಂಬೆ ಕೊಳ್ಳುವಷ್ಟು ಅನುದಾನ ಇಲ್ಲ. ಸಿಗೋದು ವಾರಕ್ಕೊಂದು 40 ನಿಮಿಷದ ಪೀರಿಯಡ್. ಬೊಂಬೆ ಬದಲು ಏನು ಬಳಸಬಹುದು? 13 ವರ್ಷದ ಮಕ್ಕಳಿಗೆ ದೊಡ್ಡವರ ಎದೆ ಒತ್ತುವ ಶಕ್ತಿ ಇರುತ್ತದೆಯೇ? ಬಾಯಿಯಿಂದ ಉಸಿರು ಕೊಡುವುದನ್ನೂ ಕಲಿಸಬೇಕೇ?

ಪ್ರಥಮ ಚಿಕಿತ್ಸೆ ತರಬೇತುದಾರ, ಹಾಸನ:

ಮೇಡಂ, ಬೊಂಬೆಗಾಗಿ ಕಾಯಬೇಡಿ. 2 ಲೀಟರ್ ಕೂಲ್‌ಡ್ರಿಂಕ್ಸ್‌ನ ಖಾಲಿ ಬಾಟಲಿ, ಒಂದು ಕಾಫಿ ಗೋಣಿಚೀಲ, ಹಳೇ ಬಟ್ಟೆ, ಒಂದು ಶರ್ಟ್ ಇದ್ದರೆ ಸಾಕು. ಬಾಟಲಿಯ ಮುಚ್ಚಳ ಬಿಗಿಯಾಗಿ ತಿರುಗಿಸಿ. ಮುಚ್ಚಳ ಸಡಿಲವಿದ್ದರೆ ಗಾಳಿ ಹೊರಗೆ ಹೋಗಿ, ಒತ್ತಿದ ಬಾಟಲಿ ನೆಗ್ಗಿದ ಹಾಗೇ ಉಳಿಯುತ್ತದೆ, ಮೇಲಕ್ಕೆ ಬರೋದಿಲ್ಲ. ಗೋಣಿಯೊಳಗೆ ಬಾಟಲಿಯನ್ನು ಉದ್ದಕ್ಕೆ ಮಲಗಿಸಿ, ಎರಡೂ ಪಕ್ಕಕ್ಕೆ ಬಟ್ಟೆ ಗಟ್ಟಿಯಾಗಿ ತುರುಕಿ. ಬಾಟಲಿಯ ಕೆಳಗೆ ಮಾತ್ರ ಏನೂ ಹಾಕಬೇಡಿ, ಅದು ನೆಲಕ್ಕೇ ತಾಗಿರಬೇಕು. ಕೆಳಗೆ ಮೆತ್ತನೆ ಇದ್ದರೆ ಒತ್ತಿದ್ದೆಲ್ಲ ಅಲ್ಲೇ ಇಳಿದುಹೋಗುತ್ತದೆ. ಮನೆಯಲ್ಲಿ ಕುಸಿದವರನ್ನು ಮಂಚದಿಂದ ನೆಲಕ್ಕೆ ಇಳಿಸಿ ಅನ್ನೋದೂ ಇದಕ್ಕೇ. ಮೇಲೆ ಒಂದು ಟವಲ್ ಮಡಿಸಿಟ್ಟು ಶರ್ಟ್ ತೊಡಿಸಿ.

ಬಾಟಲಿಯ ಅಡ್ಡಳತೆ ಸುಮಾರು 11 ಸೆಂ.ಮೀ. ಇರುತ್ತದೆ. ಅರ್ಧದಷ್ಟು ತಗ್ಗಿದರೆ ಅದೇ ನಮಗೆ ಬೇಕಾದ ಆಳ: ದೊಡ್ಡವರಿಗೆ 5 ಸೆಂ.ಮೀ.ಗೆ ಕಡಿಮೆ ಇಲ್ಲದಂತೆ, 6 ದಾಟದಂತೆ. ನೆಗ್ಗಿದ ಗೆರೆ ಗಟ್ಟಿಯಾಗಿ ಉಳಿದುಬಿಟ್ಟರೆ ಬಾಟಲಿ ಬದಲಾಯಿಸಿ.

ಕೈ ಇಡುವ ಜಾಗ ಎದೆಯ ನಡುವೆ, ಎದೆಮೂಳೆಯ ಕೆಳ ಅರ್ಧ. ಒಂದು ಅಂಗೈಯ ಬುಡ ಕೆಳಗೆ, ಇನ್ನೊಂದು ಕೈ ಅದರ ಮೇಲೆ, ಬೆರಳು ಹೆಣೆದು ಪಕ್ಕೆಲುಬಿನಿಂದ ಮೇಲಕ್ಕೆತ್ತಿ ಹಿಡಿಯಬೇಕು. ಮಕ್ಕಳು ಸಾಮಾನ್ಯವಾಗಿ ಎಡಕ್ಕೆ ಸರಿದು ಒತ್ತುತ್ತಾರೆ, ಹೃದಯ ಎಡಗಡೆ ಇದೆ ಅಂತ ಪಾಠದಲ್ಲಿ ಓದಿರುತ್ತಾರಲ್ಲ. ಒತ್ತಿದ ಮೇಲೆ ಪ್ರತಿಸಲವೂ ಭಾರ ಪೂರ್ತಿ ಬಿಡಬೇಕು. ಎದೆ ಮೇಲೆದ್ದಾಗಲೇ ಹೃದಯಕ್ಕೆ ರಕ್ತ ತುಂಬಿಕೊಳ್ಳೋದು. ಸುಸ್ತಾದವರು ಮೊದಲು ಬಿಟ್ಟುಕೊಡೋದು ಇದನ್ನೇ, ಎದೆಯ ಮೇಲೆ ಒರಗಿಕೊಂಡುಬಿಡುತ್ತಾರೆ.

ಶಕ್ತಿಯ ವಿಷಯ: 13-14 ವರ್ಷದವರು ದೊಡ್ಡವರಷ್ಟೇ ಆಳಕ್ಕೆ ಒತ್ತಬಲ್ಲರು. 9-10 ವರ್ಷದವರಿಗೆ ಕ್ರಮ ಚೆನ್ನಾಗಿ ಬರುತ್ತದೆ, ಆಳ ಬರುವುದಿಲ್ಲ. ಇಲ್ಲಿ ಲೆಕ್ಕಕ್ಕೆ ಬರೋದು ವಯಸ್ಸಿಗಿಂತ ಮೈತೂಕ. ಶಾಲಾ ಮಕ್ಕಳಿಗೆ ಸಿಪಿಆರ್ ಕಲಿಸಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಅನುಮೋದಿಸಿದ ಹೇಳಿಕೆ ಕೇಳೋದೂ ಇಷ್ಟೇ: 12ನೇ ವಯಸ್ಸಿನಿಂದ, ವರ್ಷಕ್ಕೆ 2 ಗಂಟೆ.

ತುರ್ತು ವಿಭಾಗದ ನರ್ಸ್:

ಒತ್ತುವುದನ್ನು ಕಲಿಸೋದು ಸುಲಭ. ಯಾವಾಗ ಒತ್ತಬೇಕು ಅನ್ನೋದೇ ಕಷ್ಟ, ಮೊದಲ ಪೀರಿಯಡ್ ಪೂರ್ತಿ ಅದಕ್ಕೇ ಕೊಡಿ.

ಎದೆನೋವು ಅಂತ ಕೂತು ಮಾತಾಡುತ್ತಿರುವವರಿಗೆ ಸಿಪಿಆರ್ ಮಾಡಬಾರದು. ಹೃದಯಾಘಾತ ಅಂದರೆ ಹೃದಯದ ರಕ್ತನಾಳ ಕಟ್ಟಿಕೊಂಡಿದೆ, ಹೃದಯ ಇನ್ನೂ ಬಡಿಯುತ್ತಿದೆ. ಅವರನ್ನು ನಡೆಸದೆ ಕೂರಿಸಿ, 108ಕ್ಕೆ ಫೋನ್ ಮಾಡಬೇಕು. ಹೃದಯ ನಿಂತೇಹೋದಾಗ ಮಾತ್ರ ಸಿಪಿಆರ್. ಅದನ್ನು ಗುರುತಿಸೋದು ಹೀಗೆ: ಎರಡೂ ಭುಜ ತಟ್ಟಿ ಜೋರಾಗಿ ಕೂಗಿದರೂ ಓಗೊಡುವುದಿಲ್ಲ, ಮತ್ತು ಉಸಿರು ಇಲ್ಲ ಅಥವಾ ಸರಿಯಾಗಿಲ್ಲ. ಎದೆ ಏರಿಳಿಯುತ್ತಿದೆಯಾ ಅಂತ 10 ಸೆಕೆಂಡ್ ಮೀರದಂತೆ ನೋಡಬೇಕು. ನಾಡಿ ಹುಡುಕುವುದನ್ನು ಮಕ್ಕಳಿಗೆ ಕಲಿಸಬೇಡಿ. ಗಾಬರಿಯಲ್ಲಿ ದೊಡ್ಡವರಿಗೂ ತಮ್ಮ ಬೆರಳಿನ ನಾಡಿಯೇ ಸಿಕ್ಕಂತಾಗುತ್ತದೆ.

ಜನ ಮೋಸಹೋಗೋದು ಮೇಲುಸಿರಿನಲ್ಲಿ. ಹೃದಯ ನಿಂತ ಮೊದಲ ಕೆಲವು ನಿಮಿಷ ಮೀನು ಬಾಯಿ ತೆರೆದಂತೆ ಆಗೊಮ್ಮೆ ಈಗೊಮ್ಮೆ ಉಸಿರೆಳೆಯುತ್ತಾರೆ, ಗೊರಕೆಯಂಥ ಸದ್ದೂ ಬರಬಹುದು. "ಉಸಿರಾಡ್ತಾ ಇದ್ದಾರೆ, ನೀರು ಕುಡಿಸಿ" ಅನ್ನುತ್ತಾ ಸುತ್ತ ನಿಂತುಬಿಡುತ್ತಾರೆ. ಅದು ಉಸಿರಾಟವಲ್ಲ, ಆಗಲೇ ಶುರು ಮಾಡಬೇಕು. ಇದನ್ನು ನೀವೇ ಅಭಿನಯಿಸಿ ತೋರಿಸಿ: 10 ಸೆಕೆಂಡಿಗೊಮ್ಮೆ ಗೊರ್ ಅಂತ ಒಂದು ಉಸಿರು. ಮಕ್ಕಳು ನಗಬಹುದು, ನಗಲಿ, ನೆನಪಿರುತ್ತದೆ.

ಹೃದಯ ನಿಂತ ಕ್ಷಣ ಮೈ ಸ್ವಲ್ಪ ಹೊತ್ತು ಅದುರುವುದೂ ಉಂಟು. ಮೂರ್ಛೆರೋಗ ಅಂದುಕೊಂಡು ಕೈಗೆ ಕೀಗೊಂಚಲು, ಕಬ್ಬಿಣ ಹಿಡಿಸುತ್ತಾರೆ, ಈರುಳ್ಳಿ ಮೂಸಿಸುತ್ತಾರೆ. ಫಿಟ್ಸ್ ಇದ್ದರೂ ಅದರಿಂದ ಉಪಯೋಗವಿಲ್ಲ. ಅದುರು ನಿಂತ ತಕ್ಷಣ ಉಸಿರು ನೋಡಬೇಕು. ರಕ್ತ ಹೋಗದಿದ್ದರೆ 4ರಿಂದ 6 ನಿಮಿಷದಲ್ಲಿ ಮಿದುಳಿಗೆ ಹಾನಿ ಶುರುವಾಗುತ್ತದೆ. ಘಾಟಿ ರಸ್ತೆಯಲ್ಲಿ ಅಷ್ಟರೊಳಗೆ ಆಂಬುಲೆನ್ಸ್ ಬರುವುದಿಲ್ಲ, ಪಕ್ಕದಲ್ಲಿದ್ದವರ ಕೈಯೇ ಗತಿ.

ಬಾಯಿ ಉಸಿರು: ಇಂಡಿಯನ್ ರಿಸಸಿಟೇಶನ್ ಕೌನ್ಸಿಲ್ ಫೆಡರೇಶನ್ (ಸಿಪಿಆರ್ ಕ್ರಮ ರೂಪಿಸುವ ವೈದ್ಯರ ಸಂಸ್ಥೆ) ಸಾರ್ವಜನಿಕರಿಗೆ ಹೇಳಿಕೊಡುವ ಕ್ರಮದಲ್ಲಿ ಎದೆ ಒತ್ತುವುದು ಮಾತ್ರ ಇದೆ. ಶಾಲೆಗೆ ಅಷ್ಟು ಸಾಕು.

ಮೂಡಿಗೆರೆ ತೋಟದ ಕಡೆಯವ:

ಸಿಸ್ಟರ್ ಹೇಳಿದ್ದು ಹೃದಯದ ತೊಂದರೆಗೆ ಸರಿ. ಆದರೆ ನಮ್ಮ ಕಡೆ ಮಕ್ಕಳ ಕಣ್ಣೆದುರು ಆಗುವುದು ಕೆರೆ, ತೋಟದ ಹೊಂಡ, ಹೇಮಾವತಿ ಹಿನ್ನೀರು. ನೀರಿನಲ್ಲಿ ಮುಳುಗಿದವರಿಗೆ ಮೊದಲು ನಿಂತಿರುವುದು ಉಸಿರು, ರಕ್ತದಲ್ಲಿ ಆಮ್ಲಜನಕವೇ ಉಳಿದಿರುವುದಿಲ್ಲ. ಬರೀ ಒತ್ತಿದರೆ ಆಮ್ಲಜನಕವಿಲ್ಲದ ರಕ್ತವೇ ಸುತ್ತುತ್ತದೆ. ಹಾಗಾಗಿ 9, 10ನೇ ತರಗತಿಗೆ ಉಸಿರು ಕೊಡುವುದನ್ನೂ ಕಲಿಸಿ. ಹಣೆಯ ಮೇಲೆ ಕೈಯಿಟ್ಟು ತಲೆ ಹಿಂದಕ್ಕೆ ವಾಲಿಸಿ, ಗದ್ದ ಎತ್ತಿ, ಮೂಗು ಹಿಡಿದು, ಎದೆ ಉಬ್ಬುವಷ್ಟು ಮಾತ್ರ, ಒಂದೊಂದು ಸೆಕೆಂಡಿನ 2 ಉಸಿರು. ಆಮೇಲೆ 30 ಸಲ ಒತ್ತಿ 2 ಉಸಿರು. ತಲೆ ವಾಲಿಸಿ ಗದ್ದ ಎತ್ತುವುದನ್ನು ಸಹಪಾಠಿಗಳ ಮೇಲೆ ಅಭ್ಯಾಸ ಮಾಡಬಹುದು, ಊದುವುದು ಬೇಡ.

ಹೊಟ್ಟೆ ಅಮುಕಿ ನೀರು ಕಕ್ಕಿಸುವುದು, ಕಾಲು ಹಿಡಿದು ತಲೆಕೆಳಗೆ ಮಾಡುವುದು, ಎರಡೂ ಬೇಡ. ಶ್ವಾಸಕೋಶದ ನೀರು ಹಾಗೆ ಬರುವುದಿಲ್ಲ. ಬರುವುದು ಹೊಟ್ಟೆಯದ್ದು, ಅದು ಉಸಿರಿನ ದಾರಿಗೆ ಇಳಿದರೆ ಇನ್ನೂ ಅಪಾಯ. ಇದಕ್ಕಿಂತ ಮೊದಲಿನ ಪಾಠ: ಮಕ್ಕಳು ತಾವು ನೀರಿಗೆ ಹಾರಬಾರದು. ಹಗ್ಗ, ಉದ್ದನೆ ಕೋಲು, ಸೀರೆ, ಮುಚ್ಚಿದ ಖಾಲಿ ಕ್ಯಾನ್ ಎಸೆಯಬೇಕು, ಕೂಗಿ ದೊಡ್ಡವರನ್ನು ಕರೆಯಬೇಕು.

ಇನ್ನೊಂದು ಕರೆಂಟು. ಮೆಣಸು ಕೊಯ್ಯುವಾಗ, ಮರಗಸಿ (ನೆರಳಿನ ಮರದ ಕೊಂಬೆ ಕಡಿಯುವುದು) ಮಾಡುವಾಗ ಅಲ್ಯೂಮಿನಿಯಂ ಏಣಿ ತಂತಿಗೆ ತಾಗುತ್ತದೆ. ಕೆಳಗಿದ್ದವರು ಓಡಿಹೋಗಿ ಹಿಡಿದರೆ ಅವರಿಗೂ ಹೊಡೆಯುತ್ತದೆ. ಮನೆಯ ಲೈನ್ ಆದರೆ ಮೇನ್ ಸ್ವಿಚ್ ಆಫ್ ಮಾಡಿ ಮುಟ್ಟಿ. 11 ಕೆ.ವಿ. ಲೈನ್ ಆದರೆ ಒಣ ಕೋಲನ್ನೂ ನಂಬಬೇಡಿ, ದೂರ ನಿಂತು ವಿದ್ಯುತ್ ಕಂಪನಿಯ ಸಹಾಯವಾಣಿ 1912ಕ್ಕೆ ಹೇಳಿ ಲೈನ್ ತೆಗೆಸಬೇಕು. ಕರೆಂಟು ಹೋಗಿದೆ ಅಂತ ಖಾತ್ರಿಯಾದ ಮೇಲೇ ಸಿಪಿಆರ್.

ಫೋನ್ ಮಾಡುವುದನ್ನೂ ಬಾಯಿಬಿಟ್ಟು ಅಭ್ಯಾಸ ಮಾಡಿಸಿ. ಊರು, ಹೋಬಳಿ, ತಾಲ್ಲೂಕು, ಎಸ್ಟೇಟ್ ಹೆಸರು, ಹತ್ತಿರದ ಬಸ್‌ಸ್ಟಾಪ್, ಆಮೇಲೆ "ಎಚ್ಚರ ಇಲ್ಲ, ಉಸಿರು ಇಲ್ಲ". ತಮ್ಮ ಸಿಮ್‌ಗೆ ನೆಟ್‌ವರ್ಕ್ ಇಲ್ಲದ ಕಡೆ ತುರ್ತು ಸಂಖ್ಯೆ 112 ಒತ್ತಲಿ, ಸಿಕ್ಕ ಬೇರೆ ಕಂಪನಿಯ ನೆಟ್‌ವರ್ಕ್‌ನಲ್ಲೂ ಹೋಗುತ್ತದೆ. ಒಬ್ಬರು ಮುಖ್ಯರಸ್ತೆಗೆ ಹೋಗಿ ನಿಲ್ಲಬೇಕು, ತೋಟದ ಒಳರಸ್ತೆ ಡ್ರೈವರ್‌ಗೆ ಗೊತ್ತಿರುವುದಿಲ್ಲ.

ವಿಜ್ಞಾನ ಟೀಚರ್, ಸಕಲೇಶಪುರ:

ಎಲ್ಲರಿಗೂ ಧನ್ಯವಾದ. ವೇಗ ಹಿಡಿಸುವುದು ಹೇಗೆ? ತರಗತಿಯಲ್ಲಿ ಮೊಬೈಲ್ ಬಳಸುವಂತಿಲ್ಲ. 35 ಕೆ.ಜಿ. ಇರುವ ಮಕ್ಕಳೂ ಇದ್ದಾರೆ, ಅವರನ್ನು ಏನು ಮಾಡಲಿ?

ಪಿಇ ಮೇಷ್ಟ್ರು, ಬೇಲೂರು:

ಗೋಡೆ ಗಡಿಯಾರ ಸಾಕು. ನಿಮಿಷಕ್ಕೆ 100ರಿಂದ 120 ಅಂದರೆ, 10 ಸಲ ಒತ್ತಲು 5ರಿಂದ 6 ಸೆಕೆಂಡ್ ಹಿಡಿಯಬೇಕು. 4ಕ್ಕೇ ಮುಗಿದರೆ ಆಳ ಹೋಗಿರುತ್ತದೆ. ಎಣಿಕೆಯನ್ನು ಹತ್ತರವರೆಗೆ ಮಾತ್ರ ಮಾಡಿಸಿ, ಮತ್ತೆ ಒಂದರಿಂದ. "ಹದಿನೇಳು", "ಇಪ್ಪತ್ತೆಂಟು" ಅಂತ ಬಾಯಿ ಪೂರ್ತಿ ಹೇಳುವಷ್ಟರಲ್ಲಿ ಕೈ ನಿಧಾನವಾಗುತ್ತದೆ. 30:2 ಮಾಡುವವರು ಹತ್ತರ ಮೂರು ಸುತ್ತು ಎಣಿಸಲಿ.

40 ಮಕ್ಕಳಿಗೆ 10 ಗೋಣಿ, ತಲಾ ನಾಲ್ವರು. ಒಬ್ಬರು ಒತ್ತುವುದು, ಒಬ್ಬರು ಎಣಿಸುವುದು, ಒಬ್ಬರು ಫೋನ್, ಒಬ್ಬರು ಮೊಣಕೈ ಮಡಚುತ್ತಿದೆಯಾ ಅಂತ ನೋಡುವುದು. 2 ನಿಮಿಷಕ್ಕೊಮ್ಮೆ ಬದಲು, ಒಂದು ಸುತ್ತಿಗೆ 8 ನಿಮಿಷ, ಒಂದು ಪೀರಿಯಡ್‌ನಲ್ಲಿ ಮೂರು ಸುತ್ತು ಧಾರಾಳವಾಗಿ ಆಗುತ್ತದೆ. ಸಹಪಾಠಿಯ ಎದೆಯನ್ನು ತಮಾಷೆಗೂ ಒತ್ತಕೂಡದು, ಹೃದಯ ಬಡಿಯುತ್ತಿರುವವರಿಗೆ ಪೆಟ್ಟಾಗುತ್ತದೆ. ಈ ಮಾತನ್ನು ಮೊದಲ ನಿಮಿಷದಲ್ಲೇ ಹೇಳಿ. ಹೆಣ್ಣುಮಕ್ಕಳ ಗುಂಪು ಬೇರೆ ಮಾಡಿದರೆ ಸಂಕೋಚವಿಲ್ಲದೆ ಮಂಡಿಯೂರುತ್ತಾರೆ.

ತೂಕ ಕಡಿಮೆ ಇರುವವರು ತೋಳಿನಿಂದ ತಳ್ಳಲು ನೋಡುತ್ತಾರೆ, ಅರ್ಧ ನಿಮಿಷಕ್ಕೆ ಕೈ ಸೋಲುತ್ತದೆ. ಮಂಡಿ ಗೋಣಿಗೆ ತಾಗುವಷ್ಟು ಹತ್ತಿರ ಕೂರಿಸಿ, ಭುಜ ನೇರವಾಗಿ ಅಂಗೈ ಮೇಲೆ ಬರಲಿ, ಮೊಣಕೈ ಬಿಗಿ, ಸೊಂಟದಿಂದ ಬಗ್ಗಿ ಮೈಭಾರ ಇಳಿಸಲಿ. ಅವರಿಗೆ 1 ನಿಮಿಷಕ್ಕೇ ಬದಲು ಕೊಡಿ. ಬದಲಾಗುವಾಗ ಮುಂದಿನವರು ಎದುರುಗಡೆ ಮಂಡಿಯೂರಿ ಸಿದ್ಧವಾಗಿರಬೇಕು, ಕೈ ತೆಗೆಯುವುದೂ ಇಡುವುದೂ ಒಟ್ಟಿಗೇ ಆಗಬೇಕು. ಕಲಿತದ್ದು ಕೆಲವೇ ತಿಂಗಳಲ್ಲಿ ಮರೆತುಹೋಗುತ್ತದೆ. ಜೂನ್‌ನಲ್ಲಿ ಎರಡು ಪೀರಿಯಡ್, ದಸರಾ ರಜೆ ಮುಗಿದ ಮೇಲೆ ಮತ್ತು ಜನವರಿಯಲ್ಲಿ ಹತ್ತತ್ತು ನಿಮಿಷ ಅದೇ ಗೋಣಿ ಹಾಕಿ ಒತ್ತಿಸಿ.