ಸೂಜಿ ಮೆಸೇಜ್

ಭಾನುವಾರ ಬೆಳಗ್ಗೆ ಮೈಸೂರಿನ ಕುಕ್ಕರಹಳ್ಳಿ ಕೆರೆ ಹತ್ತಿರ ಒಂದು ನಡಿಗೆ ಇತ್ತು. ಕ್ಯಾನ್ಸರ್ ರೋಗಿಗಳಿಗೆ ಹಣ ಕೂಡಿಸುವುದಕ್ಕೆ. ತಲೆಗೆ 300 ರೂಪಾಯಿ. ಅಮ್ಮ ತಾನೂ ಬರುತ್ತೇನೆ ಅಂದಳು. ಆ ಖುಷಿಗೇ ಶುಕ್ರವಾರ ರಾತ್ರಿ ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದೆ: "ಎಲ್ಲರೂ ಬನ್ನಿ. ಬೆಳಗ್ಗೆ ಆರೂವರೆಗೆ. ಅಮ್ಮನೂ ನಡೆಯುತ್ತಾಳೆ."

ಮಂಡ್ಯದ ದೊಡ್ಡಪ್ಪ ಹತ್ತೇ ನಿಮಿಷಕ್ಕೆ ಒಂದು ಫಾರ್ವರ್ಡ್ ಹಾಕಿದರು. "ಗಂಟಿಗೆ ಸೂಜಿ ಚುಚ್ಚಿಸಬೇಡಿ! ಚುಚ್ಚಿದರೆ ಕ್ಯಾನ್ಸರ್ ಒಡೆದು ಮೈಯೆಲ್ಲಾ ಹರಡುತ್ತದೆ. ದೊಡ್ಡ ಡಾಕ್ಟರ್ ಹೇಳಿದ ಗುಟ್ಟು. ಎಲ್ಲರಿಗೂ ಕಳಿಸಿ."

ನಾಲ್ಕು ಜನ ಕೈಮುಗಿದರು. ಆಮೇಲೆ ಅತ್ತಿಗೆಯನ್ನು ಕೇಳಿದೆ, ನೀವು ಅದನ್ನು ಓದಿದ್ರಾ ಅಂತ. "ಇಲ್ಲ ಕಣೇ, ನಡಿಗೆಗೆ ಒಳ್ಳೇದಾಗಲಿ ಅಂತ ಹಾಕಿರ್ತಾರೆ ಅಂದ್ಕೊಂಡೆ" ಅಂದರು.

ಓದಿದವರು ಬೆಂಗಳೂರಿನ ಭಾವ ಒಬ್ಬರೇ. "ಯಾವ ಡಾಕ್ಟರ್? ಹೆಸರೇನು? ಯಾವಾಗ ಹೇಳಿದ್ದು?" ಸರಿಯಾದ ಪ್ರಶ್ನೆಗಳೇ. ಆದರೆ ಭಾವ ಕೇಳಿದ್ದಕ್ಕೆ ಅದು ಬೇರೆ ಕಡೆ ಹೋಯಿತು. "ಅಳಿಯಂದಿರು ಎಲ್ಲದಕ್ಕೂ ಲೆಕ್ಕ ಕೇಳ್ತಾರೆ. ಜಮೀನು ಭಾಗ ಮಾಡುವಾಗಲೂ ಕೇಳಿದ್ದರು" ಅಂತ ದೊಡ್ಡಪ್ಪ ಬರೆದರು. ಅಲ್ಲಿಗೆ ಸೂಜಿ ಮಾತು ಹೋಯಿತು, ನಾಲೆ ಪಕ್ಕದ ಗದ್ದೆ ಬಂತು.

ಭಾವ ನನ್ನನ್ನೂ ಬಿಡಲಿಲ್ಲ. "300 ರೂಪಾಯಿ ಯಾರ ಖಾತೆಗೆ ಹೋಗುತ್ತೆ? ರಸೀದಿ ಕೊಡ್ತಾರಾ? 80ಜಿ ತೆರಿಗೆ ವಿನಾಯಿತಿ ಇದೆಯಾ?" ನನಗೆ ಇದರಿಂದ ಬೇಜಾರಾಗಲಿಲ್ಲ. ದುಡ್ಡು ಕೇಳುವವರನ್ನು ಕೇಳಲೇಬೇಕು. ನಾನೂ ಮೊದಲೇ ಕೇಳಿ ತಿಳಿದುಕೊಂಡಿದ್ದೆ. ರಸೀದಿ ಇದೆ, 80ಜಿ ಇದೆ. ಹಣ ಹೋಗುವುದು ಚಿಕಿತ್ಸೆಗೆ ಬೆಂಗಳೂರಿಗೆ ಹೋಗುವವರ ಬಸ್ಸು ಮತ್ತು ರೂಮು ಬಾಡಿಗೆಗೆ. ಇದು ಯಾಕೆ ಮುಖ್ಯ ಅನ್ನುವುದು ಹೋಗಿ ಬಂದವರಿಗೇ ಗೊತ್ತು. ಅಮ್ಮನಿಗೆ ಕಿದ್ವಾಯಿ ಆಸ್ಪತ್ರೆಯಲ್ಲಿ ರೇಡಿಯೇಷನ್ ಕೊಟ್ಟರು. ವಾರಕ್ಕೆ 5 ದಿನ, ಒಟ್ಟು 25 ಸಲ. ಒಂದು ಸಲಕ್ಕೆ ಹದಿನೈದು ನಿಮಿಷವೂ ಹಿಡಿಯುವುದಿಲ್ಲ. ಆ ಹದಿನೈದು ನಿಮಿಷಕ್ಕಾಗಿ ಐದು ವಾರ ಬೆಂಗಳೂರಿನಲ್ಲಿ ರೂಮು, ಊಟ, ಆಟೋ, ಜೊತೆಗೊಬ್ಬರು ಕೆಲಸ ಬಿಟ್ಟು ಕೂರಬೇಕು. ನಮ್ಮ ಪಕ್ಕದ ರೂಮಿನಲ್ಲಿದ್ದ ಒಬ್ಬ ಅಜ್ಜಿ ಹದಿಮೂರನೇ ಸಲಕ್ಕೇ ದುಡ್ಡು ಮುಗಿದು ಊರಿಗೆ ಹೊರಟುಹೋದರು. ಆ ಅಜ್ಜಿಯ ಮುಖ ನನಗೆ ಇನ್ನೂ ಮರೆತಿಲ್ಲ.

ದೊಡ್ಡಪ್ಪ ಮತ್ತೆ ಬಂದರು. "ನಮ್ಮ ಕಾಲದಲ್ಲಿ ಮನೆಯ ಕಷ್ಟ ಮನೆಯೊಳಗೇ ಇರುತ್ತಿತ್ತು. ಬನಿಯನ್ ಹಾಕ್ಕೊಂಡು ಬೀದೀಲಿ ನಡೆದರೆ ಕಾಯಿಲೆ ಹೋಗುತ್ತಾ?"

ಹೋಗುವುದಿಲ್ಲ. ಕೆನಡಾದ ಟೆರ್ರಿ ಫಾಕ್ಸ್ ಅನ್ನುವ ಹುಡುಗನ ವಿಷಯ ಬರೆದೆ. 1977ರಲ್ಲಿ ಮೂಳೆ ಕ್ಯಾನ್ಸರಿನಿಂದ ಬಲಗಾಲು ಹೋಯಿತು. 1980ರಲ್ಲಿ ಕೃತಕ ಕಾಲು ಕಟ್ಟಿಕೊಂಡು 143 ದಿನ, 5,373 ಕಿಲೋಮೀಟರ್ ಓಡಿದ. ಕಾಯಿಲೆ ಶ್ವಾಸಕೋಶಕ್ಕೆ ಬಂದು ಅರ್ಧದಲ್ಲೇ ನಿಲ್ಲಿಸಬೇಕಾಯಿತು. ಮುಂದಿನ ವರ್ಷ ತೀರಿಕೊಂಡ, ಇನ್ನೂ 22 ವರ್ಷ. ಓಡಿದ್ದರಿಂದ ಅವನು ಉಳಿಯಲಿಲ್ಲ. ಅವನು ಸಂಶೋಧನೆಗೆ ದುಡ್ಡು ಕೂಡಿಸಲು ಓಡಿದ್ದು. ಈಗಲೂ ಎಷ್ಟೋ ದೇಶಗಳಲ್ಲಿ ಅವನ ಹೆಸರಲ್ಲಿ ಜನ ಓಡುತ್ತಾರೆ, ನಡೆಯುತ್ತಾರೆ.

ಇದನ್ನು ಯಾರೂ ಓದಿದ ಹಾಗೆ ಕಾಣಲಿಲ್ಲ. ಪಾಂಡವಪುರದ ಅಣ್ಣ ಬರೆದ: "ನಡಿಗೆ ಅಂದ ಕೂಡಲೇ ನೆನಪಾಯ್ತು. ಆಷಾಢದಲ್ಲಿ ಎಲ್ರೂ ಮೆಟ್ಟಿಲು ಹತ್ತಿ ಚಾಮುಂಡಿ ಬೆಟ್ಟಕ್ಕೆ ಹೋಗಿದ್ವಲ್ಲ, ನಂದಿ ಹತ್ರ ಅಜ್ಜಿ ಪುಳಿಯೋಗರೆ ಬಿಚ್ಚಿದ್ರು." ಆಮೇಲೆ ಪುಳಿಯೋಗರೆ ಮಾಡಿದ್ದು ಅಜ್ಜಿಯೋ ಚಿಕ್ಕಮ್ಮನೋ, ಯಾರ ಚಪ್ಪಲಿ ಕಳೆದಿದ್ದು, ಇದೇ ನಡೆಯಿತು. ಅಷ್ಟರಲ್ಲಿ ಚಿಕ್ಕಮ್ಮ ಒಂದು ಸಾಲು ಹಾಕಿದರು. "ಅಕ್ಕನ ಆಪರೇಷನ್ ನಮಗೆ ತಿಳಿದದ್ದು ಹನ್ನೆರಡು ದಿನ ಆದ ಮೇಲೆ. ಈಗ ನಡಿಗೆಗೆ ಮಾತ್ರ ಕರೀತೀರಾ?"

ಅದು ನಿಜ. ಅದಕ್ಕೇ ಚುಚ್ಚಿತು. ಯಾರಿಗೂ ಹೇಳಬೇಡ ಅಂತ ಅಮ್ಮ ಆಣೆ ಹಾಕಿಸಿಕೊಂಡಿದ್ದಳು. ಎದೆಯ ವಿಷಯ ಅಂತ ನಾಚಿಕೆ, ಜೊತೆಗೆ ತಂಗಿಯ ಮದುವೆ ಮಾತು ನಡೆಯುತ್ತಿತ್ತು. ಚಿಕ್ಕಮ್ಮನಿಗೆ ಗುಂಪಿನಲ್ಲೇ ಕ್ಷಮೆ ಕೇಳಿದೆ. ಆಮೇಲೆ ಆರು ವರ್ಷದಿಂದ ಬಾಯಿಬಿಡದ ಮಾತನ್ನೂ ಬರೆದೆ.

"ದೊಡ್ಡಪ್ಪ, ಮಂಡ್ಯದ ಛತ್ರದಲ್ಲಿ ಬೀಗರ ಊಟದ ದಿನ ಅಮ್ಮ ನಿಮ್ಮ ಮುಂದೆ ಗಂಟಿನ ವಿಷಯ ತೆಗೆದಿದ್ದಳು. ಸೂಜಿ ಚುಚ್ಚಿಸಬೇಡ, ಹರಡುತ್ತೆ ಅಂದಿರಿ. ನೋವೂ ಇರಲಿಲ್ಲ, ಅಮ್ಮ ಸುಮ್ಮನಾದಳು. ಏಳು ತಿಂಗಳು ತೋರಿಸಲಿಲ್ಲ. ನೋವಿಲ್ಲದ ಗಂಟನ್ನೇ ಮೊದಲು ತೋರಿಸಬೇಕಿತ್ತು ಅಂತ ಆಮೇಲೆ ಡಾಕ್ಟರ್ ಹೇಳಿದರು. ಸೂಜಿಯಿಂದ ಕಾಯಿಲೆ ಮೈಯೆಲ್ಲಾ ಹರಡುವುದಿಲ್ಲ. ಸೂಜಿ ಹಾಕಿ ಒಂದು ಚೂರು ತೆಗೆದು ನೋಡಿದರೇ ಅದು ಕ್ಯಾನ್ಸರ್ ಹೌದೋ ಅಲ್ಲವೋ, ಯಾವ ಬಗೆ, ಯಾವ ಔಷಧಿ ಅಂತ ಗೊತ್ತಾಗುವುದು. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಅಮ್ಮನ ಒಳ್ಳೆಯದಕ್ಕೇ ಹೇಳಿದಿರಿ. ಆದರೆ ದಯವಿಟ್ಟು ಆ ಮೆಸೇಜ್ ತೆಗೆಯಿರಿ."

"ನಾನು ಹಾಗೆ ಹೇಳಿಯೇ ಇಲ್ಲ" ಅಂತ ಬಂತು. ಮಾವ, ಅವತ್ತು ಛತ್ರದಲ್ಲಿ ಹಾಗಂದದ್ದು ಬೇರೆ ಯಾರೋ ಅಂದರು. ಅಣ್ಣ, ಬೀಗರ ಊಟ ಛತ್ರದಲ್ಲಿ ಆಗಿದ್ದೇ ಅಲ್ಲ, ಮನೆ ಮುಂದೆ ಶಾಮಿಯಾನ ಹಾಕಿದ್ವಿ ಅಂದ. ಇನ್ನೂ ಎಷ್ಟು ಹೊತ್ತು ಹೀಗೇ ಹೋಗುತ್ತಿತ್ತೋ. ಗುಂಪಿನಲ್ಲಿ ಹಬ್ಬದ ಶುಭಾಶಯವನ್ನೂ ಹಾಕದ ದೊಡ್ಡಮ್ಮ ಆಗ ಬರೆದರು.

"ಹೇಳಿದ್ರು. ನಾನು ಪಕ್ಕದಲ್ಲೇ ಇದ್ದೆ."

ಆಮೇಲೆ ಯಾರೂ ಏನೂ ಬರೆಯಲಿಲ್ಲ.

ಭಾನುವಾರ ನಮ್ಮವರು ಒಂಬತ್ತು ಜನ ಬಂದಿದ್ದರು. ಚಿಕ್ಕಮ್ಮ ಬಂದು ಅಮ್ಮನ ಕೈ ಹಿಡಿದುಕೊಂಡವರು ಕೊನೆವರೆಗೂ ಬಿಡಲಿಲ್ಲ. ಭಾವ ನಮ್ಮೆಲ್ಲರ ರಸೀದಿ ಇಸಿದುಕೊಂಡು ಜೇಬಲ್ಲಿ ಇಟ್ಟುಕೊಂಡರು. ದೊಡ್ಡಮ್ಮ ಮಂಡ್ಯದಿಂದ ಮೊಮ್ಮಗನ ಜೊತೆ ಮೊದಲ ಬಸ್ಸಿಗೇ ಬಂದಿದ್ದರು. ಅರ್ಧ ದಾರಿಯಲ್ಲಿ ಕಲ್ಲುಬೆಂಚಿನ ಮೇಲೆ ಕೂತು ಅಮ್ಮನನ್ನು ಕೇಳಿದರು: "ಸೂಜಿ ಹಾಕುವಾಗ ತುಂಬಾ ನೋವಾಗುತ್ತಾ?" ಮರಗಟ್ಟಿಸುವ ಇಂಜೆಕ್ಷನ್ ಮೊದಲು ಕೊಡುತ್ತಾರೆ, ಇರುವೆ ಕಚ್ಚಿದ ಹಾಗೆ ಅಷ್ಟೇ ಅಂದಳು ಅಮ್ಮ. ಯಾಕೆ ಅಂತ ಕೇಳಲು ನನಗೆ ಧೈರ್ಯ ಬರಲಿಲ್ಲ. ಅಮ್ಮನೇ ಕೇಳಿದಳು. ಸುಮ್ನೆ ಕೇಳಿದೆ ಅಂದರು ದೊಡ್ಡಮ್ಮ. 30 ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲೇ ಬಾಯಿ, ಎದೆ, ಗರ್ಭಕೊರಳು ನೋಡುತ್ತಾರೆ, ದುಡ್ಡು ಕೇಳಲ್ಲ ಅಂತ ನಾನು ಹೇಳಿದೆ. ಈ ಬುಧವಾರವೇ ಜೊತೆಗೆ ಬರುತ್ತೇನೆ ಅಂತ ಅಮ್ಮ ಹೇಳಿದ್ದಾಳೆ.

ಸೂಜಿ ಮೆಸೇಜ್ ಇನ್ನೂ ಗುಂಪಿನಲ್ಲೇ ಇತ್ತು. ಅಡ್ಮಿನ್ ಆಗಿರುವ ಭಾವನಿಗೆ ಹೇಳಿ ಅಲ್ಲೇ ಕೆರೆ ಏರಿ ಮೇಲೆ ನಿಂತು ಅಳಿಸಿಸಿದೆ. ದೊಡ್ಡಪ್ಪ ಅದನ್ನು ಬೇರೆ ಯಾವ ಯಾವ ಗುಂಪಿಗೆ ಕಳಿಸಿದ್ದಾರೋ. ಇವತ್ತು ಸಂಜೆ ಫೋನ್ ಮಾಡಿ ಕೇಳಬೇಕು.